ಕರೆದಾಗ ಓಗೊಡುವುದು: ಸಂಬಂಧಗಳು ಗಟ್ಟಿಯಾಗುವ ಬಗೆ

2025ರ ಜೂನ್ 30ರಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು ತನ್ನ ವರದಿಯನ್ನು ಹೊರತಂದಿತು. ಲಸಿಕೆ, ಸಾಂಕ್ರಾಮಿಕ ರೋಗ, ಕುಡಿಯುವ ನೀರು ಮುಂತಾದ ವಿಷಯಗಳಿಗಾಗಿ ನಾವು ಹೆಸರು ಕೇಳುವ ಆ ಸಂಸ್ಥೆ ಈ ಸಲ ಮಾತನಾಡಿದ್ದು ಮನುಷ್ಯರ ಒಡನಾಟದ ಬಗ್ಗೆ. ಜಗತ್ತಿನಲ್ಲಿ ಪ್ರತಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ, ವರ್ಷಕ್ಕೆ ಅಂದಾಜು 8,71,000 ಸಾವುಗಳಿಗೆ ಒಂಟಿತನದ ನಂಟಿದೆ ಎಂದು ವರದಿ ಹೇಳಿತು. ಗಂಟೆಯ ಲೆಕ್ಕದಲ್ಲಿ ಇದು ಸುಮಾರು ನೂರು ಸಾವು. ಆಯೋಗದ ಇಬ್ಬರು ಸಹ ಅಧ್ಯಕ್ಷರಲ್ಲಿ ಒಬ್ಬರಾದ ಡಾ. ವಿವೇಕ್ ಮೂರ್ತಿಯವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಅಮೆರಿಕದ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ಬಗ್ಗೆ ಜನರಿಗೆ ಸಲಹೆ ಕೊಡುವ ಸರ್ಕಾರದ ಮುಖ್ಯ ವೈದ್ಯ) ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಪರಿಗಣಿಸಬೇಕೆಂದು ಅಧಿಕೃತ ಸಲಹಾಪತ್ರ ಹೊರಡಿಸಿದವರೂ ಅವರೇ.

ಇಂಥ ವರದಿಯನ್ನು ಓದಿದಾಗ ಸಹಜವಾಗಿಯೇ ಕೆಲವು ಪ್ರಶ್ನೆಗಳು ಏಳುತ್ತವೆ. ಮನಸ್ಸಿನ ಬೇಸರವೊಂದು ಹೃದಯಕ್ಕೂ ರಕ್ತನಾಳಕ್ಕೂ ತಟ್ಟುವುದು ಹೇಗೆ? ಮನೆ ತುಂಬ ಜನರಿದ್ದರೂ ಕೆಲವರಿಗೆ ತಾವು ಒಂಟಿ ಎನಿಸುವುದು ಏಕೆ? ಸಂಬಂಧ ಚೆನ್ನಾಗಿರುವುದು ಹಣೆಬರಹದ ಮಾತೋ, ಕಲಿತು ರೂಢಿಸಿಕೊಳ್ಳಬಹುದಾದದ್ದೋ? ಕಳೆದ ಎಂಟು ದಶಕಗಳಿಂದ ಈ ಪ್ರಶ್ನೆಗಳ ಬೆನ್ನುಹತ್ತಿ ನಡೆದಿರುವ ಸಂಶೋಧನೆಯನ್ನು ಬುಡದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಏಕಾಂತ ಬೇರೆ, ಒಂಟಿತನ ಬೇರೆ

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಒಬ್ಬ ವ್ಯಕ್ತಿಗೆ ಎಷ್ಟು ಜನರ ಸಂಪರ್ಕವಿದೆ, ವಾರದಲ್ಲಿ ಎಷ್ಟು ಸಲ ಅವರು ಯಾರೊಡನೆಯಾದರೂ ಮಾತನಾಡುತ್ತಾರೆ ಎಂಬುದನ್ನು ಹೊರಗಿನವರು ಎಣಿಸಿ ಹೇಳಬಹುದು. ಈ ಸಂಪರ್ಕ ತೀರ ಕಡಿಮೆಯಾದ ಸ್ಥಿತಿಯನ್ನು ಸಾಮಾಜಿಕ ಪ್ರತ್ಯೇಕತೆ ಎನ್ನುತ್ತಾರೆ. ಒಂಟಿತನವನ್ನು ಹೀಗೆ ಎಣಿಸಲಾಗದು, ಏಕೆಂದರೆ ಅದು ಒಳಗಿನ ಅನುಭವ. ನಮಗೆ ಬೇಕೆನಿಸುವ ಒಡನಾಟಕ್ಕೂ ನಮಗೆ ದಕ್ಕುತ್ತಿರುವ ಒಡನಾಟಕ್ಕೂ ನಡುವೆ ಇರುವ ಅಂತರ ನೋಯಿಸತೊಡಗಿದಾಗ ಅದನ್ನು ಒಂಟಿತನ ಎನ್ನುತ್ತೇವೆ. ಅದಕ್ಕಾಗಿಯೇ ಹತ್ತು ಜನರ ಕೂಡುಕುಟುಂಬದಲ್ಲಿರುವ ಸೊಸೆಗೆ ಒಂಟಿತನ ಕಾಡಬಹುದು, ತೋಟದ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಗೆ ಅದು ಕಾಡದೆಯೂ ಇರಬಹುದು.

ಏಕಾಂತ ಮೂರನೆಯ ಸಂಗತಿ. ಅದು ತಾನಾಗಿ ಆರಿಸಿಕೊಂಡದ್ದು, ಬಹುಮಟ್ಟಿಗೆ ಹಿತವಾದದ್ದು. ಏಕಾದಶಿಯ ಉಪವಾಸಕ್ಕೂ ಮನೆಯಲ್ಲಿ ಅಕ್ಕಿಯಿಲ್ಲದೆ ಹಸಿದಿರುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ ಏಕಾಂತಕ್ಕೂ ಒಂಟಿತನಕ್ಕೂ ಅಷ್ಟೇ ವ್ಯತ್ಯಾಸವಿದೆ. ಹಸಿವಿನ ಈ ಹೋಲಿಕೆ ಬರಿಯ ಅಲಂಕಾರವಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾನ್ ಕಾಚಿಯೋಪ್ಪೊ ಒಂಟಿತನವನ್ನು ಹಸಿವು, ಬಾಯಾರಿಕೆಗಳ ಸಾಲಿಗೆ ಸೇರಿಸಿದ್ದರು. ಆಹಾರ ಬೇಕೆಂದು ಹಸಿವು ತಿಳಿಸುವಂತೆ, ಜನ ಬೇಕೆಂದು ದೇಹ ತಿಳಿಸುವ ಸೂಚನೆ ಒಂಟಿತನ ಎಂಬುದು ಅವರ ವಿವರಣೆ. ಹೀಗೆ ನೋಡಿದರೆ ಒಂಟಿತನ ಅನುಭವಿಸುವುದರಲ್ಲಿ ನಾಚಿಕೆಪಡಬೇಕಾದದ್ದು ಏನೂ ಇಲ್ಲ.

ಸಂಬಂಧಕ್ಕೂ ದೇಹಕ್ಕೂ ಏನು ನಂಟು?

ಈ ವಿಷಯದಲ್ಲಿ ಅತ್ಯಂತ ದೀರ್ಘಕಾಲ ನಡೆದಿರುವ ಅಧ್ಯಯನಗಳಲ್ಲೊಂದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಆರಂಭವಾಯಿತು. ಹಾರ್ವರ್ಡ್‌ನ 268 ವಿದ್ಯಾರ್ಥಿಗಳನ್ನೂ ಬಾಸ್ಟನ್ ನಗರದ ಬಡ ಬಡಾವಣೆಗಳ 456 ಹುಡುಗರನ್ನೂ ಆರಿಸಿಕೊಂಡು, ಅವರ ಆರೋಗ್ಯ, ಉದ್ಯೋಗ, ದಾಂಪತ್ಯ, ಸ್ನೇಹ, ಕಷ್ಟನಷ್ಟ ಎಲ್ಲವನ್ನೂ ಬದುಕಿನುದ್ದಕ್ಕೂ ದಾಖಲಿಸುತ್ತ ಬಂದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಎಫ್. ಕೆನಡಿ ಆ ವಿದ್ಯಾರ್ಥಿಗಳಲ್ಲಿ ಒಬ್ಬರಾಗಿದ್ದರು. ಕಾಲಕ್ರಮೇಣ ಇವರ ಹೆಂಡತಿಯರು ಮತ್ತು ಮಕ್ಕಳೂ ಅಧ್ಯಯನಕ್ಕೆ ಸೇರಿದರು. ಈಗಿನ ನಿರ್ದೇಶಕ, ಮನೋವೈದ್ಯ ರಾಬರ್ಟ್ ವಾಲ್ಡಿಂಗರ್, ಆ ಹುದ್ದೆಗೆ ಬಂದ ನಾಲ್ಕನೆಯವರು.

ಐವತ್ತರ ವಯಸ್ಸಿನಲ್ಲಿ ಈ ವ್ಯಕ್ತಿಗಳ ಬಗ್ಗೆ ಗೊತ್ತಿದ್ದ ಎಲ್ಲ ಸಂಗತಿಗಳನ್ನೂ ಎದುರಿಗಿಟ್ಟುಕೊಂಡು, ಎಂಬತ್ತರಲ್ಲಿ ಯಾರು ಆರೋಗ್ಯವಾಗಿರುತ್ತಾರೆ ಎಂದು ಮೊದಲೇ ಹೇಳಬಹುದಿತ್ತೇ ಎಂದು ಸಂಶೋಧಕರು ಹಿಂತಿರುಗಿ ನೋಡಿದರು. ಆಗಿನ ಕೊಲೆಸ್ಟರಾಲ್ ಮಟ್ಟಕ್ಕಿಂತ, ತಮ್ಮ ಸಂಬಂಧಗಳಲ್ಲಿ ಅವರು ಎಷ್ಟು ತೃಪ್ತರಾಗಿದ್ದರು ಎಂಬುದೇ ಹೆಚ್ಚು ಸರಿಯಾದ ಸುಳಿವು ಕೊಟ್ಟಿತು. ಆದರೆ ಇದು ಆರಂಭದಲ್ಲಿ ಬಿಳಿಯ ಗಂಡಸರನ್ನು ಮಾತ್ರ ಒಳಗೊಂಡಿದ್ದ ಅಮೆರಿಕದ ಅಧ್ಯಯನ ಎಂಬುದನ್ನು ಮರೆಯುವಂತಿಲ್ಲ. ಹಾಗಾಗಿ ಬೇರೆ ಅಧ್ಯಯನಗಳನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ. ಜೂಲಿಯಾನ್ ಹೋಲ್ಟ್ ಲನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು ಕಲೆಹಾಕಿ, ಒಟ್ಟು 3,08,849 ಜನರ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿದಾಗ, ಗಟ್ಟಿಯಾದ ಸಂಬಂಧಗಳಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಉಳಿದವರಿಗಿಂತ ಶೇ 50ರಷ್ಟು ಹೆಚ್ಚು ಎಂದು ಕಂಡುಬಂತು. ಆರೋಗ್ಯ ಕೆಟ್ಟವರಿಗೆ ಜನರೊಡನೆ ಬೆರೆಯುವುದು ಕಷ್ಟವಾಗುವುದರಿಂದಲೂ ಇಂಥ ಅಂತರ ಹುಟ್ಟಬಹುದು. ಸಂಶೋಧಕರು ಆರಂಭದ ಆರೋಗ್ಯ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದಾಗಲೂ ನಂಟು ಉಳಿದುಕೊಂಡಿತು.

ಒಳಗೆ ನಡೆಯುವುದೇನು? ಬೆದರಿಕೆ ಎದುರಾದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳನ್ನು ಬಿಡುಗಡೆ ಮಾಡುತ್ತದೆ, ಎದೆಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ. ಬೆದರಿಕೆ ಕಳೆದ ಮೇಲೆ ಎಲ್ಲವೂ ತಗ್ಗಬೇಕು. ತಗ್ಗದೆ ತಿಂಗಳುಗಟ್ಟಲೆ ಹಾಗೆಯೇ ಉಳಿದರೆ, ಗೇರ್ ಹಾಕದೆ ಎಕ್ಸಲೇಟರ್ ಒತ್ತಿಯೇ ನಿಲ್ಲಿಸಿದ ಲಾರಿಯ ಎಂಜಿನ್ ಸವೆಯುವಂತೆ ದೇಹ ಸವೆಯುತ್ತದೆ. ನಂಬಿಕೆಯ ಜನ ಹತ್ತಿರವಿದ್ದಾಗ ಈ ಉದ್ವೇಗ ಬೇಗ ತಗ್ಗುತ್ತದೆ. 2006ರಲ್ಲಿ ಪ್ರಕಟವಾದ ಜೇಮ್ಸ್ ಕೋನ್ ಅವರ ಪ್ರಯೋಗದಲ್ಲಿ 16 ವಿವಾಹಿತ ಮಹಿಳೆಯರನ್ನು ಮೆದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ಸಣ್ಣ ವಿದ್ಯುತ್ ಆಘಾತ ಆಗಬಹುದೆಂಬ ಸೂಚನೆ ಕೊಡಲಾಯಿತು. ಯಾರ ಕೈಯನ್ನೂ ಹಿಡಿಯದಿದ್ದಾಗ ಮೆದುಳಿನ ಬೆದರಿಕೆಯ ಭಾಗಗಳು ಹೆಚ್ಚು ಚುರುಕಾದವು, ಅಪರಿಚಿತರ ಕೈ ಹಿಡಿದಾಗ ಸ್ವಲ್ಪ ತಗ್ಗಿದವು, ಗಂಡನ ಕೈ ಹಿಡಿದಾಗ ಇನ್ನಷ್ಟು ತಗ್ಗಿದವು. ದಾಂಪತ್ಯ ಅನ್ಯೋನ್ಯವಾಗಿದ್ದಷ್ಟೂ ಈ ನೆಮ್ಮದಿ ಹೆಚ್ಚಾಗಿ ಕಂಡಿತು.

ಇದರ ಮತ್ತೊಂದು ಮುಖ ಓಹಿಯೊ ರಾಜ್ಯ ವಿಶ್ವವಿದ್ಯಾಲಯದ 2005ರ ಅಧ್ಯಯನದಲ್ಲಿದೆ. ಜ್ಯಾನಿಸ್ ಕೀಕೋಲ್ಟ್ ಗ್ಲೇಸರ್ ತಂಡ 42 ದಂಪತಿಗಳ ಮುಂಗೈಯಲ್ಲಿ ಚಿಕ್ಕ ಗುಳ್ಳೆಗಾಯ ಮಾಡಿ, ಅದು ಮಾಯುವ ವೇಗವನ್ನು ಅಳೆಯಿತು. ದಂಪತಿಗಳು ಪರಸ್ಪರ ಆಸರೆಯ ಮಾತಾಡಿದ ಸಲಕ್ಕಿಂತ ಭಿನ್ನಾಭಿಪ್ರಾಯದ ವಿಷಯ ಎತ್ತಿ ಮಾತಾಡಿದ ಸಲ ಗಾಯ ಮಾಯಲು ಹೆಚ್ಚು ಸಮಯ ಹಿಡಿಯಿತು. ಎರಡೂ ಸಲ ಹಗೆಯ ಧಾಟಿಯಲ್ಲೇ ಮಾತಾಡಿದ ದಂಪತಿಗಳ ಗಾಯ ಮಾಯುವ ವೇಗ ಉಳಿದವರ ಶೇ 60ರಷ್ಟು ಮಾತ್ರ ಇತ್ತು. ಮಾತು ಮನಸ್ಸಿಗೆ ಚುಚ್ಚುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಚರ್ಮದ ಮೇಲೂ ಅಳೆಯುವಷ್ಟು ಸ್ಪಷ್ಟವಾಗಿ ಕಂಡದ್ದು ಇಲ್ಲಿ.

‘ಊಟ ಆಯ್ತಾ?’ ಎಂಬ ಕರೆ

ಹಾಗಾದರೆ ಒಳ್ಳೆಯ ಸಂಬಂಧ ಯಾವುದರಿಂದ ಕಟ್ಟಲ್ಪಟ್ಟಿದೆ? ಈ ಪ್ರಶ್ನೆಗೆ ಸಿಕ್ಕಿರುವ ಉತ್ತರಗಳಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸುವುದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್‌ಮನ್ ನಡೆಸಿದ ಕೆಲಸ. ಮನೆಯಂತೆಯೇ ಸಜ್ಜುಗೊಳಿಸಿದ ಅಪಾರ್ಟ್‌ಮೆಂಟ್ ಒಂದರಲ್ಲಿ ಅವರು ಹೊಸದಾಗಿ ಮದುವೆಯಾದ ದಂಪತಿಗಳನ್ನು ಉಳಿಸಿಕೊಂಡು, ಅಡುಗೆ ಮಾಡುವುದು, ಪತ್ರಿಕೆ ಓದುವುದು, ಟಿ.ವಿ. ನೋಡುವುದು ಇತ್ಯಾದಿ ದಿನದ ಸಾಧಾರಣ ಚಟುವಟಿಕೆಗಳನ್ನು ಕ್ಯಾಮೆರಾದಲ್ಲಿ ದಾಖಲಿಸಿದರು. ಅಲ್ಲಿ ಅವರಿಗೆ ಪದೇ ಪದೇ ಕಂಡ ಒಂದು ಸಣ್ಣ ಘಟನೆಯನ್ನು ನಾವು ಕನ್ನಡದಲ್ಲಿ ‘ಕರೆ’ ಎನ್ನಬಹುದು.

ಇನ್ನೊಬ್ಬರ ಗಮನ, ಅಕ್ಕರೆ, ನೆರವು ಅಥವಾ ಬರಿಯ ಜೊತೆಯನ್ನು ಬಯಸುವ ಯಾವುದೇ ಮಾತು, ನೋಟ, ಸನ್ನೆ ಒಂದು ಕರೆ. ಅದು ‘ಇಲ್ಲಿ ಬಾ’ ಎಂಬಂತೆ ನೇರವಾಗಿರಬೇಕೆಂದೇನೂ ಇಲ್ಲ, ಹೆಚ್ಚಾಗಿ ನೇರವಾಗಿ ಇರುವುದೂ ಇಲ್ಲ. ಊರಿನಲ್ಲಿರುವ ತಾಯಿ ಬೆಂಗಳೂರಿನಲ್ಲಿರುವ ಮಗನಿಗೆ ರಾತ್ರಿ ಫೋನ್ ಮಾಡಿ ‘ಊಟ ಆಯ್ತೇನೋ? ಏನ್ ಮಾಡ್ಕೊಂಡಿದ್ದೆ?’ ಎಂದು ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ಅಡುಗೆಯ ವರದಿಯಲ್ಲ. ಮಗನ ದಿನದೊಳಕ್ಕೆ ಒಂದು ಹೆಜ್ಜೆ ಇಡಲು ಅವರು ಬಳಸುವ ಬಾಗಿಲು ಆ ಪ್ರಶ್ನೆ. ‘ಹ್ಞೂಂ, ಆಯ್ತು’ ಎಂದು ಮುಗಿಸಿದರೆ ಬಾಗಿಲು ಅರ್ಧ ಮುಚ್ಚಿದಂತೆ. ‘ಆಯ್ತಮ್ಮ, ಇವತ್ತು ನಾನೇ ಸಾರು ಮಾಡಿದ್ದೆ, ಹುಳಿ ಸ್ವಲ್ಪ ಜಾಸ್ತಿ ಆಯ್ತು. ನಿಂದು ಏನು ಅಡುಗೆ?’ ಎಂದರೆ ಅದು ಓಗೊಟ್ಟಂತೆ. ಎರಡನೆಯ ಉತ್ತರಕ್ಕೆ ಹೆಚ್ಚಾಗಿ ಬೇಕಾದ ಸಮಯ ಹತ್ತು ಸೆಕೆಂಡು. ಓಗೊಡುವುದು ಎಂಬ ಪದವನ್ನು ಇಲ್ಲಿ ಬೇಕೆಂದೇ ಬಳಸುತ್ತಿದ್ದೇನೆ. ಕೂಗು ಕೇಳಿತು, ನಾನು ಇಲ್ಲೇ ಇದ್ದೇನೆ ಎಂದು ತಿಳಿಸುವುದು ಅದರ ಅರ್ಥ, ಮತ್ತು ಸಂಶೋಧಕರು ಗುರುತಿಸಿದ ನಡತೆಯೂ ಸರಿಯಾಗಿ ಅದೇ.

ಕರೆಗೆ ಮೂರು ಬಗೆಯಲ್ಲಿ ಪ್ರತಿಕ್ರಿಯಿಸಬಹುದು. ‘ರೀ, ನಮ್ಮ ಮಲ್ಲಿಗೆ ಬಳ್ಳಿ ಮೊಗ್ಗು ಬಿಟ್ಟಿದೆ ನೋಡಿ’ ಎಂದು ಹೆಂಡತಿ ಹೇಳಿದಾಗ ಗಂಡ ಎದ್ದು ಬಂದು ನೋಡಬಹುದು, ಅಥವಾ ಕೂತಲ್ಲಿಂದಲೇ ‘ಹೌದಾ, ಈ ಸಲ ಬೇಗ ಬಂತಲ್ಲ’ ಎನ್ನಬಹುದು. ಎರಡೂ ಓಗೊಟ್ಟಂತೆಯೇ. ಮೊಬೈಲ್‌ನಿಂದ ಕಣ್ಣೆತ್ತದೆ ಸುಮ್ಮನಿರುವುದು ಎರಡನೆಯ ಬಗೆ. ‘ಒಂದು ನಿಮಿಷ ನೆಮ್ಮದಿಯಾಗಿ ಕೂರೋಕೂ ಬಿಡಲ್ಲ ನೀನು’ ಎಂದು ಹರಿಹಾಯುವುದು ಮೂರನೆಯದು. ಹರಿಹಾಯುವುದೇ ಹೆಚ್ಚು ಕೆಟ್ಟದ್ದೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಉತ್ತರವೇ ಬಾರದ ಕರೆಗೂ ಅದರದೇ ಪೆಟ್ಟು ಇದೆ: ಕರೆದವರಿಗೆ ಜಗಳವಾಡಲೂ ಏನೂ ಸಿಗುವುದಿಲ್ಲ, ನಿಧಾನವಾಗಿ ಕರೆಯುವುದನ್ನೇ ಬಿಡುತ್ತಾರೆ. ‘ನಮ್ಮಲ್ಲಿ ಜಗಳವೇ ಇಲ್ಲ, ಆದರೆ ಮಾತಾಡೋಕೂ ಏನೂ ಇಲ್ಲ’ ಎನ್ನುವ ಮನೆಗಳ ಹಿಂದೆ ಇಂಥ ಇತಿಹಾಸ ಇರಬಹುದು.

ಆರು ವರ್ಷಗಳ ನಂತರ ಆ ದಂಪತಿಗಳ ಸ್ಥಿತಿಯನ್ನು ವಿಚಾರಿಸಿದಾಗ, ಇನ್ನೂ ಜೊತೆಯಾಗಿದ್ದವರು ಅಪಾರ್ಟ್‌ಮೆಂಟಿನಲ್ಲಿದ್ದಾಗ ಸಂಗಾತಿಯ ಕರೆಗಳಲ್ಲಿ ಸರಾಸರಿ ಶೇ 86ಕ್ಕೆ ಓಗೊಟ್ಟಿದ್ದರು, ವಿಚ್ಛೇದನ ಪಡೆದವರು ಶೇ 33ಕ್ಕೆ ಮಾತ್ರ ಓಗೊಟ್ಟಿದ್ದರು ಎಂದು ಗಾಟ್‌ಮನ್ ವರದಿ ಮಾಡಿದರು. ಚೆನ್ನಾಗಿದ್ದವರೂ ನೂರಕ್ಕೆ ನೂರು ಓಗೊಟ್ಟಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಹಾಲು ಉಕ್ಕುತ್ತಿರುವಾಗ, ತಲೆನೋವಿರುವಾಗ, ಕಚೇರಿಯ ಕರೆ ಬಂದಾಗ ಯಾರಿಗೂ ಪ್ರತಿ ಮಾತಿಗೂ ತಿರುಗಲು ಆಗುವುದಿಲ್ಲ. ‘ಐದು ನಿಮಿಷ ಬಿಟ್ಟು ಬಂದು ನೋಡ್ತೀನಿ’ ಎನ್ನುವುದೂ ಓಗೊಡುವುದೇ, ಹೇಳಿದಂತೆ ಬಂದು ನೋಡಿದರೆ.

ಇದನ್ನು ಉಳಿತಾಯ ಖಾತೆಗೆ ಹೋಲಿಸುವುದು ವಾಡಿಕೆ. ಪ್ರತಿ ಓಗೊಡುವಿಕೆಯೂ ಒಂದು ಸಣ್ಣ ಜಮೆ. ಸ್ತ್ರೀಶಕ್ತಿ ಗುಂಪುಗಳಲ್ಲಿ ವಾರವಾರವೂ ಹಾಕುವ ಸಣ್ಣ ಮೊತ್ತ ಕಷ್ಟಕಾಲದಲ್ಲಿ ಸಾಲವಾಗಿ ಒದಗುವಂತೆ, ದಿನದ ಈ ಚಿಲ್ಲರೆ ಗಮನವೇ ದೊಡ್ಡ ಜಗಳದ ದಿನ ‘ಇವರು ನನ್ನ ಕೇಡು ಬಯಸುವವರಲ್ಲ’ ಎಂಬ ನಂಬಿಕೆಯಾಗಿ ಒದಗುತ್ತದೆ. ವರ್ಷಕ್ಕೊಮ್ಮೆ ವಿವಾಹ ವಾರ್ಷಿಕೋತ್ಸವಕ್ಕೆ ಕೊಡಿಸುವ ರೇಷ್ಮೆ ಸೀರೆ ಈ ಜಮೆಯ ಜಾಗವನ್ನು ತುಂಬಲಾರದು.

ಒಳ್ಳೆಯ ಸುದ್ದಿಗೆ ಉತ್ತರಿಸುವ ಬಗೆ

ಕಷ್ಟದಲ್ಲಿ ಜೊತೆಗಿರುವವರೇ ನಿಜವಾದವರು ಎಂದು ನಾವು ನಂಬುತ್ತೇವೆ. ಶೆಲ್ಲಿ ಗೇಬಲ್ ಎಂಬ ಸಂಶೋಧಕಿ 2004 ಮತ್ತು 2006ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇದಕ್ಕೆ ಒಂದು ಸೇರ್ಪಡೆ ಮಾಡಿದವು. ಸಂತೋಷದ ಸುದ್ದಿಗೆ ನಾವು ಹೇಗೆ ಉತ್ತರಿಸುತ್ತೇವೆ ಎಂಬುದೂ ಸಂಬಂಧದ ಗಟ್ಟಿತನವನ್ನು ತೋರುತ್ತದೆ, ಕೆಲವು ಅಳತೆಗಳಲ್ಲಿ ಕಷ್ಟದ ಹೊತ್ತಿನ ಆಸರೆಗಿಂತ ಹೆಚ್ಚಾಗಿಯೇ ತೋರುತ್ತದೆ.

ತಂಗಿ ಬಂದು ‘ಅಕ್ಕಾ, ನನಗೆ ಪ್ರಮೋಷನ್ ಸಿಕ್ಕಿತು’ ಎನ್ನುತ್ತಾಳೆ ಎಂದುಕೊಳ್ಳಿ. ‘ಅಯ್ಯೋ, ಎಷ್ಟು ಒಳ್ಳೇದಾಯ್ತು! ಯಾವಾಗ ಹೇಳಿದ್ರು? ಮೊದಲು ಯಾರಿಗೆ ಹೇಳ್ದೆ?’ ಎಂದು ಅಕ್ಕ ಸುದ್ದಿಯೊಳಗೆ ತಾನೂ ಇಳಿಯಬಹುದು. ‘ಒಳ್ಳೇದು’ ಎಂದಷ್ಟೇ ಹೇಳಿ ಸುಮ್ಮನಾಗಬಹುದು. ‘ಇನ್ನು ಮೇಲೆ ಮನೆಗೆ ಬರೋದೂ ತಡ ಆಗುತ್ತೆ, ಮಗುವನ್ನ ಯಾರು ನೋಡ್ಕೋತಾರೆ?’ ಎಂದು ತಣ್ಣೀರೆರಚಬಹುದು. ‘ಅದಿರಲಿ, ಗ್ಯಾಸ್ ಬುಕ್ ಮಾಡಿದ್ಯಾ?’ ಎಂದು ಮಾತನ್ನೇ ಬೇರೆ ಕಡೆ ತಿರುಗಿಸಬಹುದು. ಈ ನಾಲ್ಕರಲ್ಲಿ ಮೊದಲನೆಯದು ಮಾತ್ರವೇ ಸಂಬಂಧವನ್ನು ಬೆಳೆಸುವುದರ ಜೊತೆ ಗುರುತಿಸಲ್ಪಟ್ಟಿದೆ. ಮೂರನೆಯ ಉತ್ತರ ನಮ್ಮ ಮನೆಗಳಲ್ಲಿ ಕಾಳಜಿಯ ರೂಪದಲ್ಲೇ ಬರುತ್ತದೆ. ದೃಷ್ಟಿಯಾದೀತೆಂಬ ಹೆದರಿಕೆ, ಮಕ್ಕಳನ್ನು ಎದುರಿಗೆ ಹೊಗಳಬಾರದೆಂಬ ರೂಢಿ ಎರಡೂ ಅದರ ಹಿಂದಿವೆ. ಆತಂಕದ ಪ್ರಶ್ನೆಗಳು ನಿಜವಾದವೇ ಇರಬಹುದು, ಅವುಗಳನ್ನು ಮಾರನೆಯ ದಿನ ಕೇಳಲು ಅಡ್ಡಿಯಿಲ್ಲ.

ಜಗಳ ಯಾವಾಗ ಅಪಾಯ?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ನಮಗೆಲ್ಲ ಪರಿಚಿತ. ಸಂಶೋಧನೆ ಇದರ ಮೊದಲರ್ಧಕ್ಕೆ ಸಂಬಂಧಿಸಿದ್ದಲ್ಲ, ಎರಡನೆಯದಕ್ಕೆ ಒಂದು ತಿದ್ದುಪಡಿ ಸೂಚಿಸುತ್ತದೆ. ಮಾತು ಬಲ್ಲವರಲ್ಲೂ ಜಗಳ ಇದ್ದೇ ಇರುತ್ತದೆ. ಗಾಟ್‌ಮನ್ ಅವರ ಲೆಕ್ಕದಲ್ಲಿ ದಂಪತಿಗಳ ಭಿನ್ನಾಭಿಪ್ರಾಯಗಳಲ್ಲಿ ಶೇ 69ರಷ್ಟು ಎಂದೂ ಪೂರ್ತಿ ಬಗೆಹರಿಯದಂಥವು. ಒಬ್ಬರಿಗೆ ಹಣ ಕೂಡಿಡುವ ಸ್ವಭಾವ, ಇನ್ನೊಬ್ಬರದು ಬಿಚ್ಚುಗೈ. ಒಬ್ಬರಿಗೆ ಮನೆ ತುಂಬ ನೆಂಟರು ಬೇಕು, ಇನ್ನೊಬ್ಬರಿಗೆ ಭಾನುವಾರವಾದರೂ ಮೌನ ಬೇಕು. ಇಂಥವು ಸ್ವಭಾವದ ಭೇದಗಳಾದ್ದರಿಂದ ವರ್ಷಗಳು ಕಳೆದರೂ ಮತ್ತೆ ಮತ್ತೆ ತಲೆಯೆತ್ತುತ್ತವೆ. ಸಂಬಂಧದ ಗತಿಯನ್ನು ನಿರ್ಧರಿಸುವುದು ಜಗಳವಾಡುವ ರೀತಿ.

ಅಪಾಯದ ಗುರುತುಗಳಾಗಿ ಅವರು ನಾಲ್ಕನ್ನು ಹೇಳುತ್ತಾರೆ. ಮೊದಲನೆಯದು ನಡೆದ ಕೆಲಸವನ್ನು ಬಿಟ್ಟು ವ್ಯಕ್ತಿಯನ್ನೇ ದೂರುವುದು: ‘ಕರೆಂಟ್ ಬಿಲ್ ಕಟ್ಟೋದು ಮರೆತಿದ್ದೀರಿ, ನನಗೆ ಗಾಬರಿಯಾಯಿತು’ ಎಂಬುದು ದೂರು, ‘ನಿಮಗೆ ಮನೆಯ ಜವಾಬ್ದಾರಿ ಅನ್ನೋದೇ ಇಲ್ಲ’ ಎಂಬುದು ವ್ಯಕ್ತಿನಿಂದನೆ. ಎರಡನೆಯದು ತನ್ನ ಪಾಲಿನ ತಪ್ಪನ್ನು ಒಂದಿಷ್ಟೂ ಒಪ್ಪದೆ ಸಮರ್ಥಿಸಿಕೊಳ್ಳುವುದು. ಮೂರನೆಯದು ಮಾತೇ ನಿಲ್ಲಿಸಿ ಗೋಡೆಯಂತೆ ಕೂರುವುದು. ನಾಲ್ಕನೆಯದು, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು, ತಿರಸ್ಕಾರ: ಮೂತಿ ತಿರುವುವುದು, ಅಣಕಿಸುವುದು, ತವರಿನವರನ್ನು ಎಳೆದು ತಂದು ಹಂಗಿಸುವುದು. ತಿರಸ್ಕಾರದಲ್ಲಿ ಒಬ್ಬರು ಮೇಲೆ ನಿಂತು ಇನ್ನೊಬ್ಬರನ್ನು ಕೆಳಗೆ ನೋಡುತ್ತಾರೆ. ಅದಕ್ಕೇ ಅದರ ಗಾಯ ಆಳ. ಸ್ಥಿರವಾಗಿ ಉಳಿದ ದಾಂಪತ್ಯಗಳಲ್ಲಿ ಜಗಳದ ನಡುವೆಯೂ ಒಂದು ಕಹಿ ಗಳಿಗೆಗೆ ಸುಮಾರು ಐದು ಹಿತದ ಗಳಿಗೆಗಳು ಕಂಡವು. ತಲೆಯಾಡಿಸಿ ಕೇಳುವುದು, ‘ನೀ ಹೇಳೋದೂ ಸರಿ ಇದೆ’ ಎನ್ನುವುದು, ನಡುವೆ ಒಂದು ಸಣ್ಣ ನಗು ಇವೆಲ್ಲ ಆ ಲೆಕ್ಕಕ್ಕೆ ಬರುತ್ತವೆ. ಯಾವ ದಂಪತಿ ಬೇರೆಯಾಗುತ್ತಾರೆಂದು ಇವುಗಳಿಂದ ಕರಾರುವಾಕ್ಕಾಗಿ ಭವಿಷ್ಯ ಹೇಳಬಹುದೆಂಬ ಮಾತನ್ನು ಇತರ ಸಂಶೋಧಕರು ಪ್ರಶ್ನಿಸಿದ್ದಾರೆ. ಆದ್ದರಿಂದ ಇವನ್ನು ತೀರ್ಪೆಂದು ತಿಳಿಯದೆ ಸೂಚನೆಗಳೆಂದಷ್ಟೇ ತಿಳಿಯುವುದು ಸರಿ.

ಜಗಳದಲ್ಲಿ ದೇಹದ ಪಾತ್ರವೂ ಇದೆ. ಕೋಪ ಏರಿ ಎದೆಬಡಿತ ನಿಮಿಷಕ್ಕೆ ಸುಮಾರು ನೂರನ್ನು ದಾಟಿತೆಂದರೆ ಕೇಳಿಸಿಕೊಳ್ಳುವ, ಯೋಚಿಸುವ ಶಕ್ತಿ ಕುಗ್ಗುತ್ತದೆ. ಹಳ್ಳಕ್ಕೆ ದಿಢೀರನೆ ನೆರೆ ಬಂದಾಗ ದಾಟಲು ಹೋಗುವುದಿಲ್ಲ, ದಡದಲ್ಲಿ ನಿಂತು ನೀರಿಳಿಯುವುದನ್ನು ಕಾಯುತ್ತೇವಷ್ಟೆ. ಈ ನೆರೆ ಇಳಿಯಲು ಕನಿಷ್ಠ ಇಪ್ಪತ್ತು ನಿಮಿಷ ಬೇಕೆಂದು ಸಂಶೋಧಕರು ಹೇಳುತ್ತಾರೆ. ಒಂದು ಪ್ರಯೋಗದಲ್ಲಿ, ಯಂತ್ರ ಸರಿಪಡಿಸಬೇಕೆಂಬ ನೆಪ ಹೇಳಿ ಜಗಳದ ನಡುವೆಯೇ ದಂಪತಿಗಳನ್ನು ತಡೆದು ಅರ್ಧ ಗಂಟೆ ಮ್ಯಾಗಜಿನ್ ಓದಿಸಿದರು. ಮತ್ತೆ ಮಾತಿಗೆ ಕೂತಾಗ ಅವರ ಎದೆಬಡಿತ ಇಳಿದಿತ್ತು, ಮಾತಿನ ಧಾಟಿಯೂ ಹದಕ್ಕೆ ಬಂದಿತ್ತು. ಎದ್ದು ಹೋಗುವವರು ‘ಸ್ವಲ್ಪ ಹೊತ್ತು ಬಿಟ್ಟು ಮಾತಾಡೋಣ’ ಎಂದು ಹೇಳಿ ಹೋಗಬೇಕು, ಹೇಳಿದಂತೆ ಮರಳಿ ಬರಬೇಕು. ಹೇಳದೆ ಹೋದರೆ ಅದು ಮೇಲೆ ಹೇಳಿದ ಗೋಡೆಯಾಗುತ್ತದೆ.

ಮುರಿದದ್ದನ್ನು ಕೂಡಿಸುವುದು

ಓಗೊಡದೆ ಹೋದ ಗಳಿಗೆಗಳ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ತಾಯಿ ಮಗುವಿನ ಅಧ್ಯಯನ. ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ನಡೆಸಿದ ಪ್ರಸಿದ್ಧ ಪ್ರಯೋಗದಲ್ಲಿ, ಮಗುವಿನೊಡನೆ ಆಡುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಸುಮ್ಮನೆ ನೋಡುತ್ತ ಕೂರುತ್ತಾರೆ. ಮಗು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಯಾವುದಕ್ಕೂ ಉತ್ತರ ಬಾರದಾಗ ಮುಖ ತಿರುಗಿಸಿ ಸೊರಗುತ್ತದೆ. ಕರೆಯುವುದನ್ನು ನಾವು ಮಾತಿಗೂ ಮೊದಲೇ ಕಲಿತಿರುತ್ತೇವೆ ಎಂದಾಯಿತು.

ಟ್ರಾನಿಕ್ ಅವರ ಮುಂದಿನ ಅವಲೋಕನ ಅನೇಕ ತಾಯಂದಿರಿಗೆ ಸಮಾಧಾನ ಕೊಟ್ಟೀತು. ಆರೋಗ್ಯಕರ ಸಂಬಂಧವಿರುವ ತಾಯಿ ಮಗು ಕೂಡ ಸುಮಾರು ಶೇ 30ರಷ್ಟು ಹೊತ್ತು ಮಾತ್ರ ಪರಸ್ಪರ ಸರಿಯಾಗಿ ಹೊಂದಿಕೊಂಡಿರುತ್ತಾರೆ. ಉಳಿದ ಹೊತ್ತು ತಾಳ ತಪ್ಪುವುದು, ಮತ್ತೆ ಸೇರಿಸಿಕೊಳ್ಳುವುದು ನಡೆದೇ ಇರುತ್ತದೆ. ಹೀಗೆ ತಪ್ಪಿ ಮತ್ತೆ ಕೂಡುವುದರಿಂದಲೇ ‘ಮುರಿದದ್ದು ಸರಿಹೋಗುತ್ತದೆ’ ಎಂಬ ಭರವಸೆ ಮಗುವಿನಲ್ಲಿ ಬೇರೂರುತ್ತದೆ. ದೊಡ್ಡವರಲ್ಲಿ ಕೂಡಿಸುವ ಕೆಲಸಕ್ಕೆ ಕ್ಷಮೆ ಎಂಬ ಪದವೇ ಬೇಕೆಂದಿಲ್ಲ. ನಮ್ಮ ತಂದೆ ತಾಯಿಯರ ತಲೆಮಾರಿನಲ್ಲಿ ಅನೇಕರು ‘ತಪ್ಪಾಯ್ತು’ ಎಂದು ಬಾಯಿಬಿಟ್ಟು ಹೇಳಿದವರಲ್ಲ. ಜಗಳವಾದ ಸಂಜೆ ಕೇಳದೆಯೇ ಒಂದು ಲೋಟ ಕಾಫಿ ತಂದಿಡುತ್ತಿದ್ದರು. ಅದನ್ನು ಸಂಧಾನದ ಕೈ ಎಂದು ಗುರುತಿಸಿ ತೆಗೆದುಕೊಳ್ಳುವುದೂ ಓಗೊಡುವುದರ ಒಂದು ರೂಪ. ಆದರೂ, ಏನು ನೋವಾಯಿತೆಂದು ಹೆಸರಿಸಿ ಹೇಳುವ ಮಾತು ಮಾಡುವ ಕೆಲಸವನ್ನು ಕಾಫಿಯೊಂದೇ ಯಾವಾಗಲೂ ಮಾಡಲಾರದು ಎಂದು ನನಗನಿಸುತ್ತದೆ.

ಈ ಮಾತುಗಳು ಸಲ್ಲದ ಜಾಗ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಹೊಡೆತ ತಿಂದ ಹೆಣ್ಣುಮಕ್ಕಳನ್ನು ಸುಮ್ಮನಾಗಿಸಲು ಬಳಸಿರುವುದುಂಟು. ಮೇಲೆ ವಿವರಿಸಿದ ಯಾವುದೂ ಹಿಂಸೆಯಿರುವ ಸಂಬಂಧಕ್ಕೆ ಅನ್ವಯಿಸುವುದಿಲ್ಲ. ಹೊಡೆತ, ಬೆದರಿಕೆ, ಹಣ ಕೊಡದೆ ಕಟ್ಟಿಹಾಕುವುದು, ಹೊರಗೆ ಹೋಗಲು ಬಿಡದಿರುವುದು ಇವುಗಳಿಗೆ ಹೆಚ್ಚು ತಾಳ್ಮೆಯಿಂದ ಓಗೊಡುವುದು ಪರಿಹಾರವಲ್ಲ. ಇವು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಒಂಟಿತನ, ಖಿನ್ನತೆ, ಆತಂಕಗಳಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯನ್ನು 14416 ಸಂಖ್ಯೆಯಲ್ಲಿ ಉಚಿತವಾಗಿ ಸಂಪರ್ಕಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ರಾಷ್ಟ್ರೀಯ ಕೇಂದ್ರವಾಗಿದ್ದು, ಕನ್ನಡದಲ್ಲೇ ಮಾತನಾಡಲು ಅವಕಾಶವಿದೆ.

ಸ್ನೇಹಕ್ಕೆ ಹಿಡಿಯುವ ಗಂಟೆಗಳು

ಶಾಲೆಯಲ್ಲಿ ಸ್ನೇಹ ತಾನಾಗಿ ಆಗುತ್ತಿತ್ತು, ಮೂವತ್ತು ದಾಟಿದ ಮೇಲೆ ಏಕೆ ಆಗುವುದಿಲ್ಲ ಎಂದು ಕೇಳುವವರು ಬಹಳ. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಸ್ನೇಹವೆನಿಸಲು 90 ಗಂಟೆ, ಆಪ್ತ ಸ್ನೇಹವಾಗಲು 200ಕ್ಕೂ ಹೆಚ್ಚು ಗಂಟೆ ಜೊತೆಯಾಗಿ ಕಳೆಯಬೇಕಾಗುತ್ತದೆ. ಕೇವಲ ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಇದಕ್ಕೆ ಅಷ್ಟಾಗಿ ಒದಗುವುದಿಲ್ಲ, ಹರಟೆ, ತಿರುಗಾಟ, ಆಟ, ಊಟದ ಗಂಟೆಗಳು ಒದಗುತ್ತವೆ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ಇಷ್ಟು ಗಂಟೆಗಳನ್ನು ಕೆಲವೇ ವಾರಗಳಲ್ಲಿ ಮುಗಿಸಿರುತ್ತಾರೆ. ಹಾವೇರಿಯಿಂದ ಬೆಂಗಳೂರಿಗೋ ನ್ಯೂಜೆರ್ಸಿಗೋ ಹೋಗಿ ನೆಲೆಸಿದವರು ವಾರಕ್ಕೆ ಎರಡು ಗಂಟೆಯಂತೆ ಒಬ್ಬರನ್ನು ಭೇಟಿಯಾದರೂ 200 ಗಂಟೆಗೆ ಎರಡು ವರ್ಷ ಹಿಡಿಯುತ್ತದೆ. ಕನ್ನಡ ಸಂಘಕ್ಕೆ ರಾಜ್ಯೋತ್ಸವದ ದಿನ ಮಾತ್ರ ಹೋದವರಿಗೆ ಅಲ್ಲಿ ಯಾರೂ ಹತ್ತಿರವಾಗಲಿಲ್ಲ ಎನಿಸಿದರೆ ಕಾರಣ ಈ ಲೆಕ್ಕದಲ್ಲಿದೆ, ಸ್ವಭಾವದ ಕೊರತೆಯಲ್ಲಲ್ಲ.

ಆಪ್ತರಲ್ಲದವರ ಜೊತೆಗಿನ ಮಾತಿಗೂ ಬೆಲೆಯಿದೆ. ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ 2014ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಷಿಕಾಗೊದ ರೈಲು ಪ್ರಯಾಣಿಕರಲ್ಲಿ ಕೆಲವರಿಗೆ ಪಕ್ಕದ ಅಪರಿಚಿತರನ್ನು ಮಾತಾಡಿಸಲು ಹೇಳಲಾಯಿತು. ಹಾಗೆ ಮಾಡಿದರೆ ಪ್ರಯಾಣ ಮುಜುಗರದ್ದಾಗುತ್ತದೆ ಎಂದು ಜನ ಊಹಿಸಿದ್ದರು. ಮಾತಾಡಿಸಿದವರ ಪ್ರಯಾಣ ಸುಮ್ಮನೆ ಕೂತವರದಕ್ಕಿಂತ ಹಿತವಾಗಿತ್ತು.

ಜೊತೆಯವರು ಕಡೆಯುವ ಶಿಲ್ಪ

ಸ್ವಂತ ಬೆಳವಣಿಗೆಯನ್ನು ಒಬ್ಬರೇ ಕೂತು ಮಾಡುವ ಸಾಧನೆಯೆಂದು ಭಾವಿಸುವುದು ರೂಢಿ. 1999ರಲ್ಲಿ ಸ್ಟೀಫನ್ ಡ್ರಿಗೋಟಸ್, ಕ್ಯಾರಿಲ್ ರಸ್‌ಬಲ್ಟ್ ಮತ್ತಿತರರು ಪ್ರಕಟಿಸಿದ ಸಂಶೋಧನೆ ಇದನ್ನು ಸಂಬಂಧದೊಳಗೆ ಇಟ್ಟು ನೋಡಿತು. ಕಲ್ಲಿನೊಳಗೆ ಅಡಗಿರುವ ಮೂರ್ತಿಯನ್ನು ಶಿಲ್ಪಿ ಹೊರತೆಗೆಯುವಂತೆ, ನಾವು ಏನಾಗಬೇಕೆಂದು ಬಯಸುತ್ತೇವೋ ಅದರತ್ತ ಸಾಗಲು ಜೊತೆಯವರು ನೆರವಾಗುತ್ತಾರೆ ಎಂಬ ಈ ಕಲ್ಪನೆಗೆ ಅವರು ಇಟಲಿಯ ಶಿಲ್ಪಿ ಮೈಕೆಲಾಂಜೆಲೊನ ಹೆಸರಿಟ್ಟರು. ಮದುವೆ, ಮಕ್ಕಳೆಂದು ನಿಂತುಹೋದ ಬಿ.ಇಡಿ. ಓದನ್ನು ಮುಂದುವರಿಸಬೇಕೆಂದು ಬಯಸುವ ಹೆಂಡತಿಯನ್ನು ಗಂಡ ‘ಟೀಚರ್’ ಎಂದೇ ಕಾಣುತ್ತ, ಸಂಜೆ ಏಳರಿಂದ ಒಂಬತ್ತರವರೆಗೆ ಮಕ್ಕಳ ಹೋಂವರ್ಕ್ ಮತ್ತು ಅಡುಗೆಮನೆ ಎರಡನ್ನೂ ತಾನು ವಹಿಸಿಕೊಂಡರೆ ಅದು ಇಂಥ ಕಡೆತ. ಇಲ್ಲಿ ಮೂರ್ತಿಯ ರೂಪ ಕಲ್ಲಿನ ಬಯಕೆಯದೇ ಆಗಿರಬೇಕು. ಹೆಂಡತಿ ಹೇಗಿರಬೇಕೆಂಬ ಗಂಡನ ಬಯಕೆ, ಮಗ ಏನಾಗಬೇಕೆಂಬ ಅಪ್ಪನ ಬಯಕೆ ಉಳಿಯ ತುದಿಯಾದಾಗ ಫಲ ತಿರುವುಮುರುವಾಗುತ್ತದೆ.

ಹಾರ್ವರ್ಡ್ ಅಧ್ಯಯನದ ಹುಡುಗರಲ್ಲಿ ಅನೇಕರು ಎಂಬತ್ತು ದಾಟುವವರೆಗೂ ಬದುಕಿದರು. ಆ ವಯಸ್ಸಿನಲ್ಲಿ ಅವರ ನೆನಪಿನ ಶಕ್ತಿಯನ್ನು ಪರೀಕ್ಷಿಸಿದಾಗ, ಕಷ್ಟ ಬಂದರೆ ಸಂಗಾತಿ ಕೈಬಿಡುವುದಿಲ್ಲವೆಂದು ನಂಬಿದವರ ನೆನಪು ಹೆಚ್ಚು ಕಾಲ ಚುರುಕಾಗಿ ಉಳಿದಿತ್ತು. ಅವರಲ್ಲಿ ಕೆಲವು ದಂಪತಿಗಳು ದಿನವಿಡೀ ಒಬ್ಬರೊಡನೊಬ್ಬರು ಕಿತ್ತಾಡುತ್ತಿದ್ದರೆಂದು ವಾಲ್ಡಿಂಗರ್ ಹೇಳುತ್ತಾರೆ. ಕರೆದರೆ ಇವರು ಬಂದೇ ಬರುತ್ತಾರೆ ಎಂಬ ನಂಬಿಕೆ ಇದ್ದಷ್ಟು ಕಾಲ ಆ ಕಿತ್ತಾಟ ಅವರ ನೆನಪಿಗೆ ಹಾನಿ ಮಾಡಲಿಲ್ಲ.